ತೂತಿನ ಅಳತೆ, ಅಂಚಿನ ಬಲ

ಕೇಳುಗರೆಲ್ಲರಿಗೂ ನಮಸ್ಕಾರ. "ಮಗುವಿನ ಹಾರ್ಟ್‌ನಲ್ಲಿ ತೂತಿದೆಯಂತೆ, ಎದೆ ಕೊಯ್ಯದೆ ಛತ್ರಿ ಹಾಕಿ ಮುಚ್ಚುತ್ತಾರಂತೆ" ಎಂದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ರಿಪೋರ್ಟ್ ಹಿಡಿದು ಊರೂರುಗಳಿಂದ ತಂದೆತಾಯಂದಿರು ಬೆಂಗಳೂರಿಗೆ ಬರುತ್ತಾರೆ. ಎಲ್ಲ ತೂತನ್ನೂ ಹಾಗೆ ಮುಚ್ಚಲಾಗದು. ಅದು ಯಾಕೆ ಎಂಬುದನ್ನು ಇವತ್ತು ಬಿಡಿಸಿ ಹೇಳುತ್ತೇನೆ.

ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಗೋಡೆಯಿದೆ. ತೂತು ಆ ಗೋಡೆಯ ನಡುಭಾಗದಲ್ಲಿದ್ದರೆ ರಿಪೋರ್ಟಿನಲ್ಲಿ 'ಸೆಕೆಂಡಮ್' ಎಂದು ಬರೆದಿರುತ್ತಾರೆ. ಜನ ಛತ್ರಿ ಎನ್ನುವ ಡಿವೈಸ್ ಕೂರುವುದು ಇಂಥದ್ದರಲ್ಲಿ. 'ಪ್ರೈಮಮ್' ಆದರೆ ತೂತು ಕವಾಟಗಳಿಗೆ ತಾಗಿಕೊಂಡಿರುತ್ತದೆ, ಹಾಗಾಗಿ ಶಸ್ತ್ರಚಿಕಿತ್ಸೆಯೇ ಆಗಬೇಕು. 'ಸೈನಸ್ ವಿನೋಸಸ್', ಅಂದರೆ ಮಹಾಸಿರೆ ಬಂದು ಸೇರುವ ಕಡೆಯ ತೂತು ಆದರೂ ಸಾಮಾನ್ಯವಾಗಿ ಅದೇ ದಾರಿ.

ಇನ್ನು ಅಂಚು. ಡಿವೈಸ್ ಕಚ್ಚಿ ಹಿಡಿಯಲು ತೂತಿನ ಸುತ್ತ ಸುಮಾರು 5 ಮಿಲಿಮೀಟರ್ ಗೋಡೆ ಉಳಿದಿರಬೇಕು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕಡೆಯ ಅಂಚು ಕಡಿಮೆಯಿದ್ದರೂ ಅನುಭವಿ ವೈದ್ಯರು ಎಚ್ಚರದಿಂದ ಮುಚ್ಚುತ್ತಾರೆ. ಕೆಳಗಿನ ಮಹಾಸಿರೆಯ ಕಡೆ ಅಂಚೇ ಇಲ್ಲದಿದ್ದರೆ ಡಿವೈಸ್ ಜಾರುವ ಭಯ ದೊಡ್ಡದು. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಇದು ಎಷ್ಟೋ ಸಲ ಸರಿಯಾಗಿ ಕಾಣದು. ಅದಕ್ಕೇ ಅನ್ನನಾಳದೊಳಗೆ ನಳಿಕೆ ಇಳಿಸಿ ನೋಡುವುದು. ಆ ಪರೀಕ್ಷೆಗೆ ದಯವಿಟ್ಟು ಹಿಂಜರಿಯಬೇಡಿ.

ಹಸುಗೂಸಿನ ಸಣ್ಣ ತೂತು ತಾನಾಗಿ ಮುಚ್ಚಿಕೊಳ್ಳಬಹುದು. ಬಲಗಡೆಯ ಕೋಣೆಗಳು ಹಿಗ್ಗಿದ್ದರೆ ಸಾಮಾನ್ಯವಾಗಿ ಮಗು 15 ಕಿಲೋ ತೂಗುವವರೆಗೆ ಕಾದು, ಶಾಲೆಗೆ ಸೇರುವ ಹೊತ್ತಿಗೆ ಮುಚ್ಚುತ್ತಾರೆ. ಆದರೆ ವರ್ಷಗಟ್ಟಲೆ ಬಿಟ್ಟು, ಶ್ವಾಸಕೋಶದ ಒತ್ತಡ ವಿಪರೀತ ಏರಿ, ತುಟಿ ಉಗುರು ನೀಲಿಗಟ್ಟಿದ ಮೇಲೆ ಮುಚ್ಚುವಂತಿಲ್ಲ. ಆಗ ಮುಚ್ಚಿದರೆ ಬಲಗಡೆಯ ಹೃದಯಕ್ಕೆ ಒತ್ತಡ ಇಳಿಸಿಕೊಳ್ಳಲು ದಾರಿಯೇ ಉಳಿಯದು.

ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ರಕ್ತನಾಳದ ಮೂಲಕ ಹೃದಯದ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಬಲ ತೊಡೆಸಂದಿನ ಸಿರೆಗೆ ಸೂಜಿ ಹಾಕುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕಿಲೋಗೆ 100 ಯೂನಿಟ್ ಹೆಪಾರಿನ್ ಕೊಡುತ್ತಾರೆ. ಆ ಸಿರೆಯಿಂದ ತೂರಿಸಿದ ತಂತಿ ತೂತು ದಾಟಿ ಎಡ ಮೇಲ್ಭಾಗದ ಶ್ವಾಸಕೋಶದ ಸಿರೆಯಲ್ಲಿ ನೆಲೆಗೊಂಡ ಮೇಲೆ ಕೆಲವೆಡೆ ಬಲೂನ್ ಉಬ್ಬಿಸಿ ಅಳತೆ ನೋಡುತ್ತಾರೆ. ರಕ್ತದ ಹರಿವು ನಿಂತ ಕ್ಷಣಕ್ಕೇ ಬಲೂನ್ ಉಬ್ಬಿಸುವುದನ್ನೂ ನಿಲ್ಲಿಸಬೇಕು. ಇನ್ನೂ ಹಿಗ್ಗಿಸಿದರೆ ಅಳತೆ ಹೆಚ್ಚು ಬಂದು, ದೊಡ್ಡ ಡಿವೈಸ್ ಆರಿಸಿದಂತಾಗುತ್ತದೆ. ಅದು ಬಡಿತ ಬಡಿತಕ್ಕೂ ಮಹಾಪಧಮನಿಯ ಬುಡಕ್ಕೆ ಉಜ್ಜಿ ಸವೆಸಬಹುದು. ಚಿಕ್ಕದಾದರೆ ಕಳಚಿ ತೇಲಿಹೋಗುತ್ತದೆ.

ಡಿವೈಸ್ ಎಂದರೆ ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ತಂತಿಯ ಜಾಲರಿ. ಎರಡು ಬಿಲ್ಲೆ, ನಡುವೆ ಸೊಂಟ, ಒಳಗೆ ಪಾಲಿಯೆಸ್ಟರ್ ಬಟ್ಟೆ. ನಿಕ್ಕಲ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಸಿರೆಯ ಮೂಲಕ ಹೃದಯಕ್ಕೆ ಒಯ್ಯುವ ನಳಿಕೆಗೆ ತುಂಬುವಾಗ ಡಿವೈಸನ್ನು ಸಲೈನ್‌ನಲ್ಲಿ ಮುಳುಗಿಸಿಯೇ ಎಳೆದುಕೊಳ್ಳುತ್ತಾರೆ. ನಳಿಕೆಯ ಹೊರತುದಿಯನ್ನು ಹೃದಯದ ಮಟ್ಟಕ್ಕಿಂತ ಕೆಳಗಿಟ್ಟು, ರಕ್ತ ತಾನಾಗಿ ಹೊರಹರಿದು ಗುಳ್ಳೆಯೆಲ್ಲ ಹೋಗುವವರೆಗೆ ಕಾಯುತ್ತಾರೆ. ಅವಸರ ಮಾಡಿದರೆ ಗಾಳಿಗುಳ್ಳೆ ಬಲ ಹೃದಯಧಮನಿಗೆ ಹೋಗಿ, ಇಸಿಜಿ ತಟ್ಟನೆ ಏರುಪೇರಾಗುತ್ತದೆ.

ಎಡ ಬಿಲ್ಲೆ ಬಿಚ್ಚಿ, ಗೋಡೆಗೆ ತಾಗುವವರೆಗೆ ಎಳೆದು, ಬಲ ಬಿಲ್ಲೆ ಬಿಚ್ಚುತ್ತಾರೆ. ಆಮೇಲೆ ಮೆಲ್ಲಗೆ ತಳ್ಳಿ, ಎಳೆದು, ಅಲುಗಾಡಿಸಿ, ಎಕೋದಲ್ಲಿ ಪ್ರತಿ ಅಂಚೂ ಎರಡು ಬಿಲ್ಲೆಗಳ ನಡುವೆ ಸಿಕ್ಕಿದೆಯೇ, ಕವಾಟ ಸಲೀಸಾಗಿ ಆಡುತ್ತಿದೆಯೇ ಎಂದು ನೋಡುತ್ತಾರೆ. ಇಡೀ ಕೆಲಸದ ಜೀವಾಳ ಇದೇ ಎಂದು ನನ್ನ ಅಭಿಪ್ರಾಯ. ಡಿವೈಸನ್ನು ತಳ್ಳುವ ತಂತಿಗೆ ಸೇರಿಸಿರುವ ಸ್ಕ್ರೂ ಬಿಚ್ಚುವ ತನಕ ಡಿವೈಸನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ಬಿಚ್ಚಿದ ಮೇಲೆ ಜಾರಿದರೆ ಕುಣಿಕೆ ಹಾಕಿ ಹಿಡಿಯಬೇಕು, ಇಲ್ಲವೇ ಶಸ್ತ್ರಚಿಕಿತ್ಸೆ.

ಮಾರನೆಯ ದಿನ ಮತ್ತೆ ಎಕೋ. ಆಸ್ಪಿರಿನ್ ಸಾಮಾನ್ಯವಾಗಿ 6 ತಿಂಗಳು. ಹಲ್ಲಿನ ಚಿಕಿತ್ಸೆಗೆ ಹೋದರೆ ಆ 6 ತಿಂಗಳೂ ಮೊದಲೇ ಆ್ಯಂಟಿಬಯೋಟಿಕ್ ಬೇಕು. ಎದೆನೋವು, ತಲೆಸುತ್ತಿ ಬೀಳುವುದು, ಏಕಾಏಕಿ ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದೇ ಬಂದರೂ ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲಿ ಕೂರಬೇಡಿ. ವರ್ಷಗಳಾಗಿದ್ದರೂ ಅದೇ ದಿನ ಎಕೋ ಮಾಡಿಸಿ.

ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮುನ್ನವೇ ವಿಚಾರಿಸಿ. ಡಿಸ್ಚಾರ್ಜ್ ಆಗುವಾಗ ಡಿವೈಸ್ ಹೆಸರು, ಅಳತೆ, ದಿನಾಂಕವಿರುವ ಕಾರ್ಡ್ ಕೇಳಿ ಪಡೆಯಿರಿ. ಮುಂದೆ ಎಂಆರ್‌ಐ ಮಾಡಿಸಬೇಕಾದರೆ ಅಲ್ಲಿಯವರು ಮೊದಲು ಕೇಳುವುದು ಅದನ್ನೇ.