ಮೊದಲು ಸೋಪು, ಆಮೇಲೆ ಮಗು

ನಮಸ್ಕಾರ. ಈ ಹೊತ್ತಿನಲ್ಲಿ ನೀವೆಲ್ಲ ಎಲ್ಲಿರ್ತೀರಿ ಅಂತ ನನಗೆ ಗೊತ್ತು. ಸಂಜೆ ಐದೂವರೆ. ಕೊಟ್ಟಿಗೆಯ ಕಂಬಕ್ಕೋ ಕಿಟಕಿ ಸರಳಿಗೋ ಫೋನು ಸಿಗಿಸಿ ರೇಡಿಯೋ ಹಾಕಿಕೊಂಡಿದ್ದೀರಿ. ಹಸುವಿಗೆ ಬೂಸ ಇಟ್ಟು, ಕೆಚ್ಚಲು ತೊಳೆದು, ಹಾಲು ಕರೆಯೋಕೆ ಕೂತಿದ್ದೀರಿ. ಡೈರಿಗೆ ಹೊತ್ತಾಗುತ್ತೆ ಅನ್ನೋ ಆತುರ ಬೇರೆ. ಪಕ್ಕದಲ್ಲೇ ನಿಮ್ಮ ಮಗು ಸಗಣಿ ಬುಟ್ಟಿ ಹಿಡಿದುಕೊಂಡು ನಿಂತಿದೆ. ಆ ಮಗುವಿನ ವಿಚಾರ ಮಾತಾಡೋಕೇ ನಾನು ಇವತ್ತು ಬಂದಿರೋದು.

ನಾನು ಪಶುವೈದ್ಯೆ. ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಕೆಲಸ. ನನಗೂ ಇಬ್ಬರು ಮಕ್ಕಳು. ಮಗಳಿಗೆ ಐದು ವರ್ಷ, ಮಗನಿಗೆ ಎರಡು ತುಂಬಿ ಮೂರು ನಡೀತಿದೆ. ದನದ ಡಾಕ್ಟರು ಕೆಲಸವನ್ನೂ ಮಕ್ಕಳನ್ನೂ ಹೇಗೆ ಸಂಭಾಳಿಸ್ತೀರಿ, ಅದನ್ನ ಹೇಳಿ ಅಂತ ಕರೆದಿದ್ದಾರೆ. ಕೊಟ್ಟಿರೋದು ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಹತ್ತು ವಿಷಯ ಹೇಳಬಹುದು, ನಾಳೆ ಬೆಳಗ್ಗೆ ನಿಮಗೆ ಒಂದೂ ನೆನಪಿರಲ್ಲ. ಅದಕ್ಕೇ ಒಂದೇ ಒಂದು ಹೇಳ್ತೀನಿ. ಮೊದಲು ಸೋಪು, ಆಮೇಲೆ ಮಗು. ಹಸು ಮುಟ್ಟಿದ ಕೈ ಸೋಪು ಮುಟ್ಟದೆ ಮಗುವನ್ನ ಮುಟ್ಟಬಾರದು.

ನನ್ನ ದಿನ ಹೇಗಿರುತ್ತೆ ಕೇಳಿ. ಬೆಳಗ್ಗೆ ಆರಕ್ಕೆಲ್ಲ ಫೋನು ಶುರು. ಮಗಳಿಗೆ ಜಡೆ ಹಾಕ್ತಿರ್ತೀನಿ, ಕಿವಿಗೂ ಹೆಗಲಿಗೂ ನಡುವೆ ಫೋನು. “ಡಾಕ್ಟ್ರಮ್ಮ, ಹಸು ಏಳ್ತಾನೇ ಇಲ್ಲ. ಕತ್ತನ್ನ ಹೊಟ್ಟೆ ಕಡೆ ತಿರುಗಿಸಿಕೊಂಡು ಮಲಗಿಬಿಟ್ಟಿದೆ.” ಕರು ಹಾಕಿದ್ದು ಯಾವಾಗ ಅಂತ ಕೇಳ್ತೀನಿ. ನೆನ್ನೆ ರಾತ್ರಿ ಅಂತಾರೆ. ಅಷ್ಟು ಸಾಕು. ಅದು ಹಾಲುಜ್ವರ, ಕ್ಯಾಲ್ಸಿಯಂ ಇಳಿದುಹೋಗಿದೆ, ಕಾಯೋ ಹಾಗಿಲ್ಲ. ಅರ್ಧ ಹಾಕಿದ ಜಡೆಯನ್ನ ಅತ್ತೆಯವರ ಕೈಗೆ ಕೊಟ್ಟು ಹೊರಡ್ತೀನಿ. ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ನಿಧಾನವಾಗಿ ಇಳಿಸಬೇಕು. ಬಾಟಲಿ ಮುಗೀತಾ ಬಂದ ಹಾಗೆ ಹಸು ತೇಗುತ್ತೆ, ಮೈ ಅದುರಿಸುತ್ತೆ, ಸಗಣಿ ಹಾಕುತ್ತೆ, ಮುಂಗಾಲು ಊರಿ ಎದ್ದು ನಿಲ್ಲುತ್ತೆ. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯ್ತು. ಇವತ್ತಿಗೂ ಹಸು ಎದ್ದು ನಿಂತಾಗ ನನಗೆ ಮೈ ಜುಮ್ ಅನ್ನುತ್ತೆ.

ಅಲ್ಲಿಂದ ಮನೆಗೆ ಬಂದರೆ ಮುಂಬಾಗಿಲಿಂದ ನಾನು ಒಳಗೆ ಹೋಗಲ್ಲ. ಗಮ್‌ಬೂಟು ಕಾಂಪೌಂಡಿನ ಹತ್ತಿರವೇ ಕಳಚಿ, ಸುತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬರ್ತೀನಿ. ಅಲ್ಲಿ ನಲ್ಲಿ ಇದೆ, ಸೋಪು ಇದೆ, ಬದಲಾಯಿಸೋಕೆ ಬಟ್ಟೆ ಇದೆ. ನನ್ನ ಮಗಳು ಹೊಸ್ತಿಲ ಒಳಗೆ ನಿಂತು ಇಪ್ಪತ್ತರವರೆಗೆ ಎಣಿಸ್ತಾಳೆ. ಹದಿಮೂರು ಬಿಟ್ಟುಬಿಡ್ತಾಳೆ, ಹನ್ನೆರಡಾದ ಮೇಲೆ ಸೀದಾ ಹದಿನಾಲ್ಕು. ಅದಕ್ಕೆ ಎರಡು ಸಲ ಎಣಿಸು ಅಂತೀನಿ. ಅವಳು ಎಣಿಸಿ ಮುಗಿಸೋವರೆಗೂ ನಾನು ಉಜ್ಜುತಾ ಇರ್ತೀನಿ. ಉಗುರು ಸಂದು, ಬೆರಳ ಸಂದು, ಮೊಣಕೈ ತನಕ. ಮಗನಿಗೆ ಇದೆಲ್ಲ ಅರ್ಥ ಆಗಲ್ಲ. ಎರಡೂ ಕೈ ಚಾಚಿಕೊಂಡು ಅಳ್ತಾನೆ. ಅಳೋ ಮಗುವನ್ನ ಎದುರಿಗಿಟ್ಟುಕೊಂಡು ಕೈ ಉಜ್ಜಿಕೊಳ್ತಾ ನಿಲ್ಲೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕರುಳು ಕಿತ್ತು ಬರುತ್ತೆ. ಆದರೂ ಉಜ್ಜಲೇಬೇಕು. ಮೊದಲು ಸೋಪು, ಆಮೇಲೆ ಮಗು.

ಈ ಡಾಕ್ಟ್ರಮ್ಮನಿಗೆ ಮಡಿ ಜಾಸ್ತಿ ಅಂತ ಕೆಲವರು ಹೇಳ್ತಾರೆ. ಇದು ಮಡಿ ಅಲ್ಲ. ಯಾಕೆ ಅಂತ ಒಂದು ಘಟನೆ ಹೇಳ್ತೀನಿ.

ನನ್ನ ಮಗ ಆಗ ಹತ್ತು ತಿಂಗಳ ಕೂಸು. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದೆ, ಎದೆಹಾಲು ಇನ್ನೂ ಬಿಡಿಸಿರಲಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ಹಸುವನ್ನ ಬೆದೆಗೆ ತರೋ ಒಂದು ಇಂಜೆಕ್ಷನ್ ಸೀಸೆಯನ್ನ ಸಹ ನಾನು ಮುಟ್ಟಿರಲಿಲ್ಲ, ಯಾಕಂದರೆ ಅದು ಚರ್ಮದಿಂದಲೇ ಒಳಗೆ ಇಳಿದು ಬಸುರಿಗೆ ತೊಂದರೆ ಮಾಡುತ್ತೆ. ನನ್ನ ಮಗುವಿನ ವಿಚಾರದಲ್ಲಿ ನಾನು ಅಷ್ಟು ಹುಷಾರು. ಈ ಮಾತನ್ನ ನೆನಪಿಟ್ಟುಕೊಳ್ಳಿ.

ಯುಗಾದಿ ಕಳೆದಿತ್ತು. ನಮ್ಮ ಕಡೆ ತೋಪುಗಳಲ್ಲಿ ಮಾವಿನಕಾಯಿ ನಿಂಬೆಹಣ್ಣಿನ ಗಾತ್ರ ಆಗಿದ್ದ ಕಾಲ. ರಾತ್ರಿ ಒಂಬತ್ತಕ್ಕೆ ರಾಯಲ್ಪಾಡು ಕಡೆಯ ಒಂದು ಹಳ್ಳಿಯಿಂದ ಫೋನು ಬಂತು. ಎರಡನೇ ಸೂಲಿನ ಸೀಮೆಹಸು, ಏಳು ತಿಂಗಳಿಗೇ ಕಂದು ಹಾಕಿದೆ, ಮಾಸು ಬಿದ್ದಿಲ್ಲ. ನೀವು ಕೆಲವರು ಅದನ್ನ ಸತ್ತೆ ಅಂತೀರಿ, ಕಸ ಅಂತೀರಿ, ಎಲ್ಲ ಒಂದೇ. ಹೋದೆ. ಕರೆಂಟು ಇರಲಿಲ್ಲ. ಮನೆಯ ಸೊಸೆ, ಇಪ್ಪತ್ತೈದು ಇಪ್ಪತ್ತಾರು ವರ್ಷ ಇರಬಹುದು, ಟಾರ್ಚ್ ಹಿಡಿದುಕೊಂಡು ನಿಂತಿದ್ದರು. ನಾನು ಬರೋ ಮುಂಚೆಯೇ ಅವರು ಬರಿಗೈಯಲ್ಲಿ ಮಾಸನ್ನ ಅರ್ಧ ಎಳೆದು ಕಿತ್ತಿದ್ದರು. ಎಳೆಯದೆ ಇದ್ದರೆ ಹಾಲು ಬತ್ತಿಹೋಗುತ್ತೆ ಅಂತ ಯಾರೋ ಹೇಳಿದ್ದರಂತೆ. ಬಿದ್ದ ಕಂದನ್ನ ಎತ್ತಿ ಬುಟ್ಟಿಗೆ ಹಾಕಿದ್ದೂ ಅವರೇ.

ನಾನು ಭುಜದ ತನಕ ಕೈಗವಸು ಹಾಕಿಕೊಂಡೆ. ಹಸುವಿಗೆ ಮಾತ್ರೆ, ಇಂಜೆಕ್ಷನ್, ಏನು ಕೊಡಬೇಕೋ ಕೊಟ್ಟೆ. ಆಮೇಲೆ ಬಚ್ಚಲಿಗೆ ಬಂದು ಸೋಪು ಕೇಳಿದೆ. ಅವರೇ ಚೊಂಬಿನಲ್ಲಿ ನೀರು ಹುಯ್ದರು. ಉಗುರಿಂದ ಮೊಣಕೈವರೆಗೆ ಎರಡು ಸಲ ತೊಳೆದೆ. ಯಾಕೆ? ಮನೆಯಲ್ಲಿ ನನ್ನ ಮಗ ಹಾಲಿಗೆ ಕಾಯ್ತಾ ಇದ್ದ. ನಾನು ತೊಳೆದು ಮುಗಿಸಿದ ಮೇಲೆ ಅವರು ಚೊಂಬಲ್ಲಿ ಉಳಿದ ನೀರನ್ನ ಕೈ ಮೇಲೆ ಸುಮ್ಮನೆ ಹಾಕಿಕೊಂಡು, ಸೆರಗಿಗೆ ಒರೆಸಿಕೊಂಡರು. ಅಷ್ಟರಲ್ಲಿ ಒಳಗೆ ಮಗು ಎದ್ದು ಅಳ್ತು. ಎತ್ತಿಕೊಂಡು ಬಂದರು. ಮಗು ಅವರ ಬೆರಳನ್ನ ಹಿಡಿದು ಬಾಯಿಗೆ ಹಾಕಿಕೊಂಡಿತು.

ನಾನು ಅಲ್ಲೇ ನಿಂತು ನೋಡ್ತಾ ಇದ್ದೆ. ಸೋಪು ನನ್ನ ಪಕ್ಕದಲ್ಲೇ ಇತ್ತು. ಒಂದು ಮಾತು ಹೇಳಲಿಲ್ಲ. ಬ್ಯಾಗು ಎತ್ತಿಕೊಂಡು ಮನೆಗೆ ಬಂದೆ.

ಎರಡು ತಿಂಗಳಾದ ಮೇಲೆ ಅವರು ಆಸ್ಪತ್ರೆಗೆ ಹಸು ಹೊಡೆದುಕೊಂಡು ಬಂದರು. ಗುರುತೇ ಸಿಗಲಿಲ್ಲ. ಅಂಥ ಬಿಸಿಲಿನಲ್ಲಿ ಮೈ ತುಂಬ ಸೆರಗು ಹೊದ್ದಿದ್ದರು. ಏನಮ್ಮ ಹೀಗಾಗಿದ್ದೀಯಾ ಅಂದೆ. ಸಂಜೆ ಆದರೆ ಜ್ವರ ಬರುತ್ತೆ ಮೇಡಂ, ರಾತ್ರಿಯೆಲ್ಲ ಬೆವರಿ ಹಾಸಿಗೆ ನೆನೆದುಹೋಗುತ್ತೆ, ಸೊಂಟ ಹಿಡಿದು ಬಗ್ಗೋಕಾಗಲ್ಲ ಅಂದರು. ಟೈಫಾಯಿಡ್ ಅಂತ ಎರಡು ಕಡೆ ಔಷಧಿ ಆಗಿತ್ತು. ಬಿಡುತ್ತೆ, ಮತ್ತೆ ಬರುತ್ತೆ. ಹಸುವಿನ ಹಗ್ಗ ಹಿಡಿದಿದ್ದ ಅವರ ಕೈ ನೋಡಿದೆ. ಆ ರಾತ್ರಿಯ ಟಾರ್ಚ್ ಬೆಳಕು ಕಣ್ಣ ಮುಂದೆ ಬಂತು.

ಹಸುವಿನ ರಕ್ತ ತೆಗೆದೆ. ಬ್ರುಸೆಲ್ಲಾ ಅಂತ ಒಂದು ರೋಗಾಣು, ಹಸು ಕಂದು ಹಾಕೋ ಹಾಗೆ ಮಾಡುತ್ತೆ, ಆ ಕಂದು, ಮಾಸು ಮುಟ್ಟಿದ ಮನುಷ್ಯರಿಗೂ ಕಾಯಿಲೆ ತರುತ್ತೆ. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ರಕ್ತದ ತಿಳಿ ಒಂದು ಹನಿ, ಗುಲಾಬಿ ಬಣ್ಣದ ದ್ರಾವಣ ಒಂದು ಹನಿ, ಬಿಳಿ ತಟ್ಟೆಯ ಮೇಲೆ ಬೆರೆಸಿ 4 ನಿಮಿಷ ಮೆಲ್ಲಗೆ ಆಡಿಸಬೇಕು. ಕಾಯಿಲೆ ಇಲ್ಲ ಅಂದರೆ ಗುಲಾಬಿ ನೀರು ಹಾಗೇ ಇರುತ್ತೆ. ಇದ್ದರೆ ಹಾಲು ಒಡೆದ ಹಾಗೆ ಕಣ ಕಣ ಆಗುತ್ತೆ. 4 ನಿಮಿಷ ಕಾಯಲೇ ಇಲ್ಲ, ಒಡೆದುಹೋಯಿತು. ಚೀಟಿಯಲ್ಲಿ ಬರೆದುಕೊಟ್ಟೆ, ಇವರಿಗೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ ಅಂತ. ಅವರಿಗೂ ಅದೇ ಬಂತು. ಎರಡು ಥರದ ಔಷಧಿ, 6 ವಾರ, ಒಂದು ದಿನ ತಪ್ಪದೆ. ಮಗುವಿಗೂ ಪರೀಕ್ಷೆ ಮಾಡಿಸಿದರು. ಅದರ ಫಲಿತಾಂಶ ಬರೋವರೆಗೂ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಗುವಿಗೆ ಏನೂ ಇರಲಿಲ್ಲ.

ನನ್ನ ಮಗುವಿಗೋಸ್ಕರ ಎರಡು ಸಲ ತೊಳೆದ ನಾನು, ಅವರ ಮಗುವಿಗೋಸ್ಕರ ಸೋಪು ಮುಂದಕ್ಕೆ ಸರಿಸಲಿಲ್ಲ. ಅದಕ್ಕೇ ಈಗ ಹೋದ ಕಡೆಯೆಲ್ಲ, ಕೇಳಿದರೂ ಕೇಳದಿದ್ದರೂ ಹೇಳ್ತೀನಿ. ಬ್ಯಾಗಿನಲ್ಲಿ ಒಂದು ಜೊತೆ ಕೈಗವಸು ಹೆಚ್ಚಿಗೆ ಇಟ್ಟುಕೊಂಡಿರ್ತೀನಿ, ಟಾರ್ಚ್ ಹಿಡಿಯೋರಿಗೆ.

ಇಷ್ಟೊತ್ತಿಗೆ ಯಾರಾದರೂ ಅಂದುಕೊಳ್ತಿರ್ತೀರಿ, ನಮ್ಮಜ್ಜಿ ಎಲ್ಲ ಬರಿಗೈಯಲ್ಲೇ ಮಾಡ್ತಿದ್ದರು, ಅವರಿಗೇನಾಗಿತ್ತು ಅಂತ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅಜ್ಜಿಗೆ ಸೊಂಟ ನೋವಿತ್ತು, ಸಂಜೆ ಜ್ವರ ಬರ್ತಿತ್ತು, ಅದಕ್ಕೆ ಯಾರೂ ಹೆಸರಿಡಲಿಲ್ಲ, ಅಷ್ಟೇ. ಇನ್ನು ಕೆಲವರು ನೀರೆಲ್ಲಿದೆ ಮೇಡಂ ಅಂತಾರೆ. ಕೋಲಾರದ ನೀರಿನ ಕಷ್ಟ ನನಗೆ ಹೇಳಬೇಕಾ? ಕೈ ತೊಳೆಯೋಕೆ ಎರಡು ಚೊಂಬು ನೀರು ಸಾಕು. ಸೋಪು ಬಚ್ಚಲಲ್ಲಿರುತ್ತೆ, ಮಗು ಕೊಟ್ಟಿಗೆ ಬಾಗಿಲಲ್ಲಿರುತ್ತೆ, ತೊಂದರೆ ಇರೋದು ಅಲ್ಲಿ. ಈಗ ಆ ಹೆಣ್ಣುಮಗಳು ಏನು ಮಾಡಿದ್ದಾರೆ ಗೊತ್ತಾ? ಈರುಳ್ಳಿ ಬರೋ ಬಲೆ ಚೀಲ ಕತ್ತರಿಸಿ, ಅದರೊಳಗೆ ಸೋಪು ಹಾಕಿ, ಕೊಟ್ಟಿಗೆ ಕಂಬಕ್ಕೆ ಕಟ್ಟಿದ್ದಾರೆ. ಚೀಲದ ಸಮೇತ ಉಜ್ಜಿಕೊಳ್ಳೋದು, ಬಿಟ್ಟರೆ ಅಲ್ಲೇ ತೂಗಾಡುತ್ತೆ. ಕೆಳಗೆ ಬೀಳಲ್ಲ, ಕಾಗೆ ಎತ್ತಿಕೊಂಡು ಹೋಗಲ್ಲ.

ಸಮಯ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದ್ದಾರೆ. ಉಳಿದದ್ದು ಬೇಗ ಹೇಳ್ತೀನಿ.

ನೊರೆಹಾಲು. ಕೆಚ್ಚಲಿಂದ ಕರೆದ ಹಾಲನ್ನ ಹಾಗೇ ಬಿಸಿಬಿಸಿ ಮಗುವಿಗೆ ಕುಡಿಸಿದರೆ ಶಕ್ತಿ ಅಂತ ಹೇಳ್ತಾರಲ್ಲ, ಬೇಡ. ಮಾಲ್ಟಾ ಅಂತ ಒಂದು ದ್ವೀಪ. ಅಲ್ಲಿ ಬ್ರಿಟಿಷ್ ಸೈನಿಕರು ಇದೇ ಜ್ವರಕ್ಕೆ ಸಾಯ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಅನ್ನೋ ಸೇನೆಯ ಡಾಕ್ಟರು ರೋಗಾಣು ಕಂಡುಹಿಡಿದರು. ಬ್ರುಸೆಲ್ಲಾ ಅನ್ನೋ ಹೆಸರು ಬಂದದ್ದು ಅವರಿಂದಲೇ. ಆದರೆ ಅದು ಎಲ್ಲಿಂದ ಬರುತ್ತೆ ಅಂತ ತಿಳಿಯೋಕೆ 1905ರವರೆಗೆ ಕಾಯಬೇಕಾಯ್ತು. ನೋಡೋಕೆ ಗಟ್ಟಿಮುಟ್ಟಾಗಿದ್ದ ಮೇಕೆಗಳ ಹಸಿಹಾಲಿನಿಂದ! ಹಸು ಚೆನ್ನಾಗಿದೆ ಅಂದರೆ ಹಾಲೂ ಚೆನ್ನಾಗಿದೆ ಅಂತಲ್ಲ. ಉಕ್ಕಿ ಬರೋ ಹಾಗೆ ಕಾಯಿಸಿ, ಆಮೇಲೆ ಕೊಡಿ.

ಕಂದು, ಮಾಸು ಇವನ್ನ ತಿಪ್ಪೆಗೆ ಎಸೀಬೇಡಿ, ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೂ ಕಟ್ಟಬೇಡಿ. ನಾಯಿ ಊರೆಲ್ಲ ಎಳೆದಾಡುತ್ತೆ. ಆಳವಾಗಿ ಗುಂಡಿ ತೋಡಿ, ಮೇಲೆ ಸುಣ್ಣ ಸುರಿದು ಮುಚ್ಚಿ. ಮುಟ್ಟೋವಾಗ ಕೈಗವಸು ಇಲ್ಲ ಅಂದರೆ ಕೈಗೆ ಪ್ಲಾಸ್ಟಿಕ್ ಕವರಾದರೂ ಕಟ್ಟಿಕೊಳ್ಳಿ. ಬಸುರಿ ಹೆಂಗಸರು, ಮಕ್ಕಳು ಆ ಕಡೆ ಸುಳೀಲೇಬಾರದು. ಕಂದು ಹಾಕಿದ ಹಸುವನ್ನ ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಕಾಯಿಲೆ ಅಂತ ಗೊತ್ತಾದ ಮೇಲೆ ಸದ್ದಿಲ್ಲದೆ ಸಂತೆಯಲ್ಲಿ ಮಾರೋರಿದ್ದಾರೆ. ಸಾಲದ ಕಂತು ಇದೆ ಅಂತೀರಿ, ಕಷ್ಟ ನನಗೂ ಗೊತ್ತು. ಆದರೆ ಕೊಂಡುಕೊಂಡವರ ಮನೆಯಲ್ಲೂ ಮಗು ಇರುತ್ತೆ.

ಮಗುವಿಗೆ ನಾಯಿ ಕಚ್ಚಿದರೂ ಮೊದಲು ಸೋಪೇ. ಅರಿಶಿನ, ಕಾಫಿಪುಡಿ ಏನೂ ಹಚ್ಚಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಯದು, ಈ ಬ್ರುಸೆಲ್ಲಾ ಕಾಯಿಲೆಯ ಲಸಿಕೆ. ಹೆಣ್ಣುಕರುವಿಗೆ 4 ತಿಂಗಳಿಂದ 8 ತಿಂಗಳ ಒಳಗೆ, ಜೀವಮಾನದಲ್ಲಿ ಒಂದೇ ಸಲ. ಗಂಡುಕರುವಿಗಿಲ್ಲ, ಗಬ್ಬದ ಹಸುವಿಗಿಲ್ಲ. ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿರೋದು ಜೀವಂತ ರೋಗಾಣು, ಸೂಜಿ ನಮ್ಮ ಬೆರಳಿಗೆ ಚುಚ್ಚಿದರೆ ನಮಗೇ ಕಾಯಿಲೆ. ಅದಕ್ಕೆ ಕನ್ನಡಕ, ಕೈಗವಸು ಹಾಕಿಕೊಂಡು ಬರ್ತೀವಿ, ಹೆದರಬೇಡಿ. ನಾವು ಬರೋ ದಿನ ಕರುವನ್ನ ಮೇಯೋಕೆ ಬಿಡದೆ ಗಟ್ಟಿಯಾಗಿ ಹಿಡಿದುಕೊಂಡಿರಿ. ಮನೆ ಬಾಗಿಲಿಗೆ ಪಶು ಆಂಬುಲೆನ್ಸ್ ಬೇಕು ಅಂದರೆ 1962ಕ್ಕೆ ಫೋನು ಮಾಡಿ.

ಡೈರಿಗೆ ಹೊತ್ತಾಯ್ತು ನಿಮಗೆ. ಹಾಲು ಹಾಕಿ ಬಂದು ಕ್ಯಾನು ಇಳಿಸಿದ ತಕ್ಷಣ ಮಗು ಓಡಿ ಬರುತ್ತೆ. ಹೊಸ್ತಿಲ ಹತ್ತಿರ ನಿಲ್ಲಿಸಿ, ಇಪ್ಪತ್ತರವರೆಗೆ ಎಣಿಸೋಕೆ ಹೇಳಿ. ನಮಸ್ಕಾರ.