ಡಿಫೆನ್ಸಿವ್ ಲೈನ್‌ಗೆ ಹುಡುಗರನ್ನು ಹುಡುಕುವುದು, ಬೆಳೆಸುವುದು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ಅಮೆರಿಕದ ದೊಡ್ಡ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಓದುತ್ತಿದ್ದಾರೆ. ಶನಿವಾರ ಬಂದರೆ ಆ ಊರುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ನಾವೂ ಟಿವಿ ಮುಂದೆ ಕೂರುತ್ತೇವೆ. ಕಣ್ಣು ಮಾತ್ರ ಚೆಂಡಿನ ಹಿಂದೆಯೇ ಓಡುತ್ತದೆ, ಅಲ್ವಾ? ಕ್ವಾರ್ಟರ್‌ಬ್ಯಾಕ್ ಎಸೆದ, ಇನ್ನೊಬ್ಬ ಹಿಡಿದ, ಮುಗಿಯಿತು. ನಾನು ಇವತ್ತು ಮಾತಾಡುವುದು ಚೆಂಡನ್ನು ಮುಟ್ಟುವುದೇ ಅಪರೂಪವಾದ ಆಟಗಾರರ ಬಗ್ಗೆ, ಅಂದರೆ ಡಿಫೆನ್ಸಿವ್ ಲೈನ್‌ಮನ್‌ಗಳ ಬಗ್ಗೆ.

ಮೊದಲು ಅವರ ಕೆಲಸ ಏನು ಅಂತ ನೋಡೋಣ. ಚೆಂಡು ಇರುವ ತಂಡದ ಐದು ಜನ ದೈತ್ಯರು ತಮ್ಮ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಸಾಲಾಗಿ ನಿಲ್ಲುತ್ತಾರೆ. ಅವರ ಎದುರಿಗೆ ಸಾಮಾನ್ಯವಾಗಿ ಮೂವರು ಇಲ್ಲವೇ ನಾಲ್ವರು. ನಡುವೆ ನಿಲ್ಲುವವರು ಡಿಫೆನ್ಸಿವ್ ಟ್ಯಾಕಲ್‌ಗಳು, ಅಂಚಿನಲ್ಲಿ ನಿಲ್ಲುವವರು ಡಿಫೆನ್ಸಿವ್ ಎಂಡ್‌ಗಳು. ಯಾರು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ನಂಬರ್ ಇದೆ. ಎದುರು ಸಾಲಿನ ನಟ್ಟನಡುವೆ ಇರುವವನು ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಅಂಚಿನಲ್ಲಿ ಟ್ಯಾಕಲ್. ಸೆಂಟರ್‌ನ ನೇರ ಎದುರು ನಿಂತರೆ ಝೀರೋ ಟೆಕ್ನಿಕ್, ಗಾರ್ಡ್‌ನ ಹೊರಭುಜಕ್ಕೆ ಎದುರಾಗಿ ನಿಂತರೆ ತ್ರೀ ಟೆಕ್ನಿಕ್, ಟ್ಯಾಕಲ್‌ನ ಹೊರಭುಜಕ್ಕೆ ಫೈವ್ ಟೆಕ್ನಿಕ್. ಕೋಚ್‌ಗಳು ಮಾತಾಡುವಾಗ ಹುಡುಗನ ಹೆಸರಿಗಿಂತ ಮೊದಲು ಈ ನಂಬರ್ ಬರುತ್ತದೆ. 'ನಮಗೆ ಈ ವರ್ಷ ಒಬ್ಬ ತ್ರೀ ಟೆಕ್ನಿಕ್ ಬೇಕು' ಅಂತಾರೆ.

ಈಗ ಒಂದೇ ಒಂದು ಪ್ಲೇ ಹತ್ತಿರದಿಂದ ನೋಡಿ. ಹುಡುಗ ಒಂದು ಕೈ ನೆಲಕ್ಕೆ ಊರಿ ಬಗ್ಗಿರುತ್ತಾನೆ. ಚೆಂಡು ಯಾವ ಕೂಗಿಗೆ ಹೊರಡುತ್ತದೆ ಅಂತ ಎದುರಿನವರಿಗೆ ಮೊದಲೇ ಗೊತ್ತು, ಇವನಿಗೆ ಗೊತ್ತಿಲ್ಲ. ಕೂಗು ನಂಬಿ ಮುಂದೆ ಹಾರಿದರೆ ಐದು ಯಾರ್ಡ್ ದಂಡ. ಹಾಗಾಗಿ ಕಣ್ಣು ಚೆಂಡಿನ ಮೇಲೆ. ಚೆಂಡು ಅಲುಗಿದ ಕ್ಷಣ ಮೊದಲ ಹೆಜ್ಜೆ ಬೀಳಬೇಕು. ಎರಡನೇ ಹೆಜ್ಜೆ ಊರುವಷ್ಟರಲ್ಲಿ ಅವನ ಎರಡೂ ಅಂಗೈ ಎದುರಿನವನ ಎದೆಯ ಮೇಲಿರಬೇಕು. ಹೆಬ್ಬೆರಳು ಮೇಲಕ್ಕೆ, ಮೊಣಕೈ ಪಕ್ಕೆಗೆ ಒತ್ತಿಕೊಂಡು. ಕೈ ಹೊರಗಡೆಯಿಂದ ಹೋದರೆ ಎದುರಿನವನ ಕೈ ಒಳಗೆ ಬಂತು, ಅಲ್ಲಿಗೆ ಇವನ ಕಥೆ ಮುಗಿಯಿತು. ಯಾರ ಭುಜ ಕೆಳಗಿರುತ್ತದೋ ಅವರದೇ ಮೇಲುಗೈ. ಕಬಡ್ಡಿ ಆಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ರೈಡರ್‌ನ ಕಾಲಿಗೆ ಬೀಳುವ ಕಾರ್ನರ್ ಆಟಗಾರ ಸೊಂಟ ಎತ್ತಿದರೆ ಹಿಡಿತ ತಪ್ಪಿತು ಅಂತಲೇ ಲೆಕ್ಕ. ಇಲ್ಲಿ ಅದೇ ಕೆಲಸವನ್ನು 140 ಕಿಲೋ ಮೈ ಹೊತ್ತುಕೊಂಡು, ಒಂದು ಪಂದ್ಯದಲ್ಲಿ ನಲವತ್ತು ಐವತ್ತು ಸಲ ಮಾಡಬೇಕು. ಎಷ್ಟೋ ಸಲ ಎದುರಿಗೆ ಇಬ್ಬರು ಬರುತ್ತಾರೆ. ಆ ಇಬ್ಬರನ್ನೂ ತನ್ನ ಮೇಲೆ ಹೇರಿಕೊಂಡು, ಹಿಂದೆ ಸರಿಯದೆ ನಿಂತರೆ, ಹಿಂದಿರುವ ಲೈನ್‌ಬ್ಯಾಕರ್ ಯಾರ ಅಡ್ಡಿಯೂ ಇಲ್ಲದೆ ಓಡಿಬಂದು ಚೆಂಡಿನವನನ್ನು ಕೆಡವುತ್ತಾನೆ. ಲೆಕ್ಕದ ಪುಸ್ತಕದಲ್ಲಿ ಲೈನ್‌ಬ್ಯಾಕರ್ ಹೆಸರು ಬರುತ್ತದೆ. ಇವನ ಹೆಸರು ಇಲ್ಲ.

ಇಂಥ ಹುಡುಗರನ್ನು ಎಲ್ಲಿಂದ ತರುವುದು? ವೇಗವಾಗಿ ಓಡುವ ಹುಡುಗರು ಬೇಕಾದಷ್ಟು ಸಿಗುತ್ತಾರೆ. 140 ಕಿಲೋ ತೂಗುತ್ತಾ, ಅಷ್ಟೇ ಚುರುಕಾಗಿ ಕಾಲು ಎತ್ತಿಡುವವರು ಈ ಭೂಮಿ ಮೇಲೆ ಕೆಲವರೇ ಇದ್ದಾರೆ. ಆಟದ ಜನ ಇದನ್ನು 'ಪ್ಲಾನೆಟ್ ಥಿಯರಿ' ಅಂತಲೇ ಕರೆಯುತ್ತಾರೆ. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ ಕಡೆಯ ಹೈಸ್ಕೂಲ್‌ಗಳಿಗೆ ಕೋಚ್‌ಗಳು ಮುಗಿಬೀಳುವುದು ಇದಕ್ಕೇ. ಅವರು ಬರೀ ತೂಕ ನೋಡುವುದಿಲ್ಲ. ಮಣಿಕಟ್ಟು ದಪ್ಪ ಇದೆಯಾ, ಭುಜ ಅಗಲ ಇದೆಯಾ, ಇನ್ನೂ ಇಪ್ಪತ್ತು ಕಿಲೋ ಹೊರುವ ಮೂಳೆ ಇದೆಯಾ, ಬಗ್ಗಿದಾಗ ಮೊಣಕಾಲು ಬಗ್ಗುತ್ತದೋ ಅಥವಾ ಬೆನ್ನು ಬಗ್ಗುತ್ತದೋ, ಇದೆಲ್ಲ ನೋಡುತ್ತಾರೆ. ಅಪ್ಪ ಅಮ್ಮನ ಎತ್ತರ ನೋಡುವವರೂ ಇದ್ದಾರೆ. ಕುಸ್ತಿ ಮಾಡಿದ್ದಾನಾ, ಗುಂಡು ಎಸೆದಿದ್ದಾನಾ ಅಂತ ಕೇಳುತ್ತಾರೆ. ಜಾಣ ಕೋಚ್ ಆದವನು ಹುಡುಗನ ಬಾಸ್ಕೆಟ್‌ಬಾಲ್ ವಿಡಿಯೋ ಕೇಳಿ ತರಿಸಿಕೊಳ್ಳುತ್ತಾನೆ. ಅಷ್ಟು ದೊಡ್ಡ ಮೈ ಒಮ್ಮೆಗೇ ತಿರುಗುವುದು, ನೆಗೆಯುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಇದರ ಮೇಲೆ ಸ್ಟಾರ್ ಲೆಕ್ಕ. 247ಸ್ಪೋರ್ಟ್ಸ್, ರೈವಲ್ಸ್ ಥರದ ಸಂಸ್ಥೆಗಳು ಹದಿನಾರು ಹದಿನೇಳು ವರ್ಷದ ಹುಡುಗರಿಗೆ ಎರಡು, ಮೂರು, ನಾಲ್ಕು, ಐದು ಸ್ಟಾರ್ ಕೊಡುತ್ತವೆ. ಈ ಲೆಕ್ಕ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಐದು ಸ್ಟಾರ್ ಹುಡುಗರು ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗ್ ತಲುಪುವ ಪ್ರಮಾಣ ಖಂಡಿತ ಜಾಸ್ತಿ. ಆದರೆ ಲೈನ್‌ಮನ್ ವಿಷಯಕ್ಕೆ ಬಂದರೆ ಆ ವಯಸ್ಸಿನಲ್ಲಿ ಕಾಣುವುದು ಮೈ ಅಷ್ಟೇ. ಕೈ ಕೆಲಸ, ಸೊಂಟದ ಕೆಲಸ, ಎರಡು ಜನರ ಭಾರ ತಡೆಯುವ ಕೆಲಸ, ಇವು ಕಲಿಯಲು ಎರಡು ಮೂರು ವರ್ಷ ಹಿಡಿಯುತ್ತವೆ. ಹೈಸ್ಕೂಲ್‌ನಲ್ಲಿ ಇವನ ಎದುರಿಗೆ ನಿಂತವನು 90 ಕಿಲೋ ಹುಡುಗ. ಸುಮ್ನೆ ತಳ್ಳಿದರೂ ಬೀಳುತ್ತಿದ್ದ. ಕಲಿಯುವ ಅಗತ್ಯವೇ ಬಂದಿರಲಿಲ್ಲ.

ಜಾರ್ಜಿಯಾ ಯೂನಿವರ್ಸಿಟಿಯ 2021ರ ತಂಡ ನೋಡಿ. ಆ ಡಿಫೆನ್ಸ್ ಪಂದ್ಯಕ್ಕೆ ಸರಾಸರಿ 10 ಪಾಯಿಂಟ್ ಚಿಲ್ಲರೆಯಷ್ಟೇ ಬಿಟ್ಟುಕೊಟ್ಟಿತು. 2022ರ ಜನವರಿಯಲ್ಲಿ ಅಲಬಾಮಾವನ್ನು 33-18ರಿಂದ ಸೋಲಿಸಿ, 1980ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. ಆ ವರ್ಷದ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಅದರ ಮೂವರು ಲೈನ್‌ಮನ್‌ಗಳು ಹೋದರು. ಟ್ರಾವನ್ ವಾಕರ್ ಎಲ್ಲರಿಗಿಂತ ಮೊದಲನೆಯವನಾಗಿ, ಜಾರ್ಡನ್ ಡೇವಿಸ್ 13ನೆಯವನಾಗಿ, ಡಿವಾಂಟೆ ವಯಟ್ 28ನೆಯವನಾಗಿ. ವಾಕರ್ ಐದು ಸ್ಟಾರ್ ಹುಡುಗ. ಡೇವಿಸ್ ಮೂರು ಸ್ಟಾರ್. ವಯಟ್ ನೇರವಾಗಿ ಜಾರ್ಜಿಯಾಗೆ ಬಂದವನೇ ಅಲ್ಲ, ಕಾನ್ಸಸ್‌ನ ಹಚಿನ್ಸನ್ ಕಮ್ಯುನಿಟಿ ಕಾಲೇಜಿನಲ್ಲಿ ಆಡಿ ಬಂದವನು.

ಡೇವಿಸ್ ವಿಷಯ ಸ್ವಲ್ಪ ಹೇಳಬೇಕು. ಆರು ಅಡಿ ಆರು ಇಂಚು, 341 ಪೌಂಡ್, ಅಂದರೆ ಸುಮಾರು 155 ಕಿಲೋ. ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ 40 ಯಾರ್ಡ್ ದೂರವನ್ನು 4.78 ಸೆಕೆಂಡ್‌ನಲ್ಲಿ ಓಡಿದ. ಎಲ್ಲರೂ ಆ ಓಟದ ಬಗ್ಗೆ ಮಾತಾಡಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವನು ನಾಲ್ಕು ವರ್ಷ ಅಲ್ಲೇ ಉಳಿದದ್ದು. 2020ರ ನಂತರ ಡೇವಿಸ್, ವಯಟ್ ಇಬ್ಬರೂ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು. ಇನ್ನೊಂದು ವರ್ಷ ಆಡಲು ವಾಪಸ್ ಬಂದರು. ಆ ಕೊನೆಯ ವರ್ಷ ಡೇವಿಸ್ ಹೆಸರಲ್ಲಿ ಬೆರಳೆಣಿಕೆಯಷ್ಟೇ ಸ್ಯಾಕ್, ಅಂದರೆ ಚೆಂಡು ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ ಲೆಕ್ಕ, ಇದ್ದವು, ಆದರೂ ದೇಶದ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ಬೆಡ್ನರಿಕ್ ಪ್ರಶಸ್ತಿ ಅವನಿಗೇ ಬಂತು. ನಡುವೆ ನಿಂತು ಇಬ್ಬರನ್ನು ತಡೆಯುವ ಕೆಲಸವನ್ನು ಯಾರೋ ಕಣ್ಣಿಟ್ಟು ನೋಡಿದ್ದರು.

ಇದರ ಪಕ್ಕದಲ್ಲಿ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯನ್ನು ಇಡಿ. 2022ರಲ್ಲಿ ಅವರು ಸೇರಿಸಿಕೊಂಡ ಹುಡುಗರ ಗುಂಪಿಗೆ 247ಸ್ಪೋರ್ಟ್ಸ್ ಲೆಕ್ಕದಲ್ಲಿ ಅಲ್ಲಿಯವರೆಗಿನ ಅತಿ ಹೆಚ್ಚು ಅಂಕ ಸಿಕ್ಕಿತ್ತು. ಅದರ ಜೀವಾಳವೇ ಡಿಫೆನ್ಸಿವ್ ಲೈನ್. ವಾಲ್ಟರ್ ನೋಲನ್, ಶೆಮಾರ್ ಸ್ಟೀವರ್ಟ್, ಎಲ್‌ಟಿ ಓವರ್ಟನ್, ಆಂಥನಿ ಲ್ಯೂಕಸ್, ಹೀಗೆ ಹೆಸರಾಂತ ಹುಡುಗರ ಸಾಲು. ಆ ವರ್ಷ ತಂಡ 5 ಗೆದ್ದು 7 ಸೋತಿತು. ಮರುವರ್ಷ ನವೆಂಬರ್‌ನಲ್ಲಿ ಕೋಚ್ ಕೆಲಸ ಹೋಯಿತು. ನೋಲನ್ ಮಿಸಿಸಿಪ್ಪಿಗೆ, ಓವರ್ಟನ್ ಅಲಬಾಮಾಗೆ, ಲ್ಯೂಕಸ್ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಹೋದರು. ಸ್ಟೀವರ್ಟ್ ಉಳಿದ. 2025ರ ಡ್ರಾಫ್ಟ್‌ನಲ್ಲಿ ನೋಲನ್ 16ನೆಯವನು, ಸ್ಟೀವರ್ಟ್ 17ನೆಯವನು. ಅಂದರೆ ಹುಡುಗರನ್ನು ಆರಿಸಿದ್ದು ತಪ್ಪಾಗಿರಲಿಲ್ಲ. ಹದಿನೆಂಟರ ಹುಡುಗರು ಒಟ್ಟಿಗೆ ಬಂದರು, ಒಟ್ಟಿಗೆ ಇಪ್ಪತ್ತೊಂದು ಆಗಲಿಲ್ಲ. ನನ್ನ ಪ್ರಕಾರ ಈ ಎರಡು ತಂಡಗಳ ನಡುವಿನ ದೊಡ್ಡ ವ್ಯತ್ಯಾಸ ಸಮಯ.

ಆ ಸಮಯದಲ್ಲಿ ಏನು ನಡೆಯುತ್ತದೆ? ಮೊದಲನೆಯದು ಊಟ. ಬೆಳೆಯುವ ಹುಡುಗನಿಗೆ ಹಸಿವಾದಾಗೆಲ್ಲ ಊಟ ಕೊಡಲು ಕೂಡ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಬಹಳ ಕಾಲ ಬಿಡುತ್ತಿರಲಿಲ್ಲ. 2014ರಲ್ಲಿ ಆ ಮಿತಿ ತೆಗೆದರು. ಈಗ ದೊಡ್ಡ ಯೂನಿವರ್ಸಿಟಿಗಳಲ್ಲಿ ಆಹಾರ ತಜ್ಞರು ಇದ್ದಾರೆ, ತೂಕ ಏರಿಸುವಾಗ ಕೊಬ್ಬು ಎಷ್ಟು, ಸ್ನಾಯು ಎಷ್ಟು ಅಂತ ಅಳೆಯುತ್ತಾರೆ. ಎರಡನೆಯದು ದಿನವೂ ಅದೇ ಅದೇ ಅಭ್ಯಾಸ, ಸ್ಲೆಡ್ ಅನ್ನುವ ಭಾರದ ಚೌಕಟ್ಟು ತಳ್ಳುವುದು, ಮೊದಲ ಹೆಜ್ಜೆ, ಕೈ ಇಡುವ ಜಾಗ. ಓಹಾಯೋ ಸ್ಟೇಟ್‌ನ ಲ್ಯಾರಿ ಜಾನ್ಸನ್ ಅನ್ನುವ ಹಿರಿಯ ಕೋಚ್ ಇಂಥ ಕೈ ಕೆಲಸಕ್ಕೇ ಹೆಸರುವಾಸಿ. ಜೋಯಿ ಬೋಸಾ, ನಿಕ್ ಬೋಸಾ, ಚೇಸ್ ಯಂಗ್ ಅವರ ಕೈಯಲ್ಲಿ ಪಳಗಿದವರು.

ಇನ್ನು ಆರನ್ ಡೊನಾಲ್ಡ್. ಪಿಟ್ಸ್‌ಬರ್ಗ್‌ನ ಹುಡುಗ, ಅದೇ ಊರಿನ ಯೂನಿವರ್ಸಿಟಿ ಸೇರಿದ. ಮೂರು ಸ್ಟಾರ್. ಆರು ಅಡಿ ಒಂದು ಇಂಚು, ಈ ಜಾಗಕ್ಕೆ ಕುಳ್ಳ ಅಂದರು. ಹೈಸ್ಕೂಲ್ ದಿನಗಳಿಂದಲೇ ನಸುಕಿನಲ್ಲಿ ಎದ್ದು ಅಪ್ಪನ ಜೊತೆ ಮನೆಯ ನೆಲಮಾಳಿಗೆಯಲ್ಲಿ ವೇಟ್ಸ್ ಎತ್ತುತ್ತಿದ್ದವನು. ಕುಳ್ಳ ಅನ್ನುವುದೇ ಅವನಿಗೆ ಅನುಕೂಲವಾಯಿತು, ಅವನ ಭುಜ ಯಾವಾಗಲೂ ಎದುರಿನವನ ಭುಜಕ್ಕಿಂತ ಕೆಳಗೆ. ನಾಲ್ಕನೇ ವರ್ಷ, 2013ರಲ್ಲಿ, ಚೆಂಡು ಹಿಡಿದವನನ್ನು ಪ್ಲೇ ಶುರುವಾದ ಗೆರೆಯ ಹಿಂದೆಯೇ ಕೆಡವಿದ ಲೆಕ್ಕ 28.5. ಇಬ್ಬರು ಸೇರಿ ಕೆಡವಿದರೆ ಅರ್ಧ ಲೆಕ್ಕ. ಆಮೇಲೆ ಎನ್‌ಎಫ್‌ಎಲ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರ ಮೂರು ಸಲ.

ಇಷ್ಟು ದೊಡ್ಡ ಮೈಗಳನ್ನು ಬೆಳೆಸುವವರಿಗೆ ದೊಡ್ಡ ಜವಾಬ್ದಾರಿಯೂ ಇದೆ. ದಪ್ಪ ಮೈಯ ಬಿಸಿ ಬೇಗ ಇಳಿಯುವುದಿಲ್ಲ. 2018ರಲ್ಲಿ ಮೇರಿಲ್ಯಾಂಡ್ ಯೂನಿವರ್ಸಿಟಿಯ ಜಾರ್ಡನ್ ಮೆಕ್‌ನೇರ್ ಓಟದ ಅಭ್ಯಾಸದಲ್ಲಿ ಕುಸಿದು, ಬಿಸಿಲಾಘಾತದಿಂದ ತೀರಿಕೊಂಡ. ಅವನು ಎದುರು ಸಾಲಿನ, ಅಂದರೆ ಆಫೆನ್ಸಿವ್ ಲೈನ್‌ನ ಹುಡುಗ. ವಯಸ್ಸು ಹತ್ತೊಂಬತ್ತು. ತಣ್ಣೀರಿನ ತೊಟ್ಟಿಯಲ್ಲಿ ತಕ್ಷಣ ಮುಳುಗಿಸಬೇಕಿತ್ತು, ಮುಳುಗಿಸಲಿಲ್ಲ. ತಣ್ಣೀರಿನ ತೊಟ್ಟಿ ಮೈದಾನದ ಪಕ್ಕ ತಯಾರಿಲ್ಲದ ದಿನ ಅಭ್ಯಾಸವೇ ನಡೆಯಬಾರದು. ಗಟ್ಟಿತನ ಕಲಿಸುತ್ತೇವೆ ಅನ್ನುವ ಯಾವ ಮಾತೂ ಅದಕ್ಕಿಂತ ದೊಡ್ಡದಲ್ಲ.

ಈಗಿನ ಪರಿಸ್ಥಿತಿಗೆ ಬರೋಣ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಯೂನಿವರ್ಸಿಟಿ ಬದಲಿಸಬೇಕೆನ್ನುವ ಹುಡುಗರು ಹೆಸರು ಬರೆಸುವ ಪಟ್ಟಿ. 2021ರಲ್ಲಿ ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು ಅಂತಾಯಿತು. 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ಹಣ ಕೊಡಬಹುದು. ಹುಡುಗರಿಗೆ ದುಡ್ಡು ಬರುವುದು ನ್ಯಾಯ. ಅವರ ಬೆವರಿನಿಂದ ಎಲ್ಲರೂ ಗಳಿಸುತ್ತಿದ್ದರು, ಅವರೊಬ್ಬರನ್ನು ಬಿಟ್ಟು. ಆದರೆ ಎರಡನೇ ವರ್ಷ ಬೆಂಚಿನಲ್ಲಿ ಕೂತು ಕಲಿಯಬೇಕಾದ ಹುಡುಗ ಈಗ ಬೇರೆ ಕಡೆ ಹೊರಟುಬಿಡುತ್ತಾನೆ. ಅಲ್ಲಿ ಹೊಸ ಕೋಚ್, ಹೊಸ ಭಾಷೆ, ಕೈ ಇಡುವ ರೀತಿಯೂ ಬೇರೆ. ಸಣ್ಣ ಯೂನಿವರ್ಸಿಟಿ ಮೂರು ವರ್ಷ ಬೆಳೆಸಿದ ಟ್ಯಾಕಲ್‌ನನ್ನು ದೊಡ್ಡದು ದುಡ್ಡು ಕೊಟ್ಟು ಒಯ್ಯುತ್ತದೆ. ಖಲೀಲ್ ಮ್ಯಾಕ್ ಬಫಲೋ ಅನ್ನುವ ಸಣ್ಣ ತಂಡದಲ್ಲೇ ಕೊನೆಯವರೆಗೆ ಆಡಿ 2014ರಲ್ಲಿ 5ನೆಯವನಾಗಿ ಆಯ್ಕೆಯಾದ. ಇವತ್ತಾಗಿದ್ದರೆ ಅವನನ್ನು ಅಲ್ಲಿ ಉಳಿಸಿಕೊಳ್ಳುವುದು ಬಲು ಕಷ್ಟವಾಗುತ್ತಿತ್ತು.

ನನಗೆ ಹೆಚ್ಚು ಚಿಂತೆ ತರುವುದು 2025ರ ಇನ್ನೊಂದು ಬದಲಾವಣೆ. ಮೊದಲು 85 ಸ್ಕಾಲರ್‌ಶಿಪ್ ಇರುತ್ತಿದ್ದವು. ಅದರ ಮೇಲೆ ಸ್ವಂತ ಖರ್ಚಿನಲ್ಲಿ ಆಡುವ 'ವಾಕ್-ಆನ್' ಹುಡುಗರು ಎಷ್ಟೋ ಜನ. ಈಗ ಹುಡುಗರಿಗೆ ನೇರವಾಗಿ ಹಣ ಕೊಡುವ ಹೊಸ ಒಪ್ಪಂದಕ್ಕೆ ಸೇರಿದ ಯೂನಿವರ್ಸಿಟಿಗಳಲ್ಲಿ ಒಟ್ಟು ತಂಡಕ್ಕೇ 105ರ ಮಿತಿ. ಮುಂದೆ ಎನ್‌ಎಫ್‌ಎಲ್‌ನಲ್ಲಿ ದೊಡ್ಡ ಹೆಸರು ಮಾಡಿದ ಜೆ.ಜೆ. ವ್ಯಾಟ್, ಸೆಂಟ್ರಲ್ ಮಿಷಿಗನ್‌ನಲ್ಲಿ ಚೆಂಡು ಹಿಡಿಯುವ ಟೈಟ್ ಎಂಡ್ ಆಗಿದ್ದವನು ಸ್ಕಾಲರ್‌ಶಿಪ್ ಬಿಟ್ಟು, ಮನೆ ಮನೆಗೆ ಪಿಜ್ಜಾ ತಲುಪಿಸುವ ಕೆಲಸ ಮಾಡಿ, ವಿಸ್ಕಾನ್ಸಿನ್‌ಗೆ ವಾಕ್-ಆನ್ ಆಗಿ ಹೋಗಿ ಡಿಫೆನ್ಸಿವ್ ಲೈನ್‌ಗೆ ಬಂದ. ಘಾನಾದ ಎಜೆಕಿಯಲ್ ಆನ್ಸಾ ಬ್ರಿಗಮ್ ಯಂಗ್ ಯೂನಿವರ್ಸಿಟಿಗೆ ಓದಲು ಬಂದು, ಬಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾಗದೆ, 2010ರಲ್ಲಿ ಫುಟ್‌ಬಾಲ್‌ಗೆ ಬಂದಾಗ ಪ್ಯಾಡ್ ಹೇಗೆ ಹಾಕಿಕೊಳ್ಳಬೇಕು ಅನ್ನುವುದೂ ಗೊತ್ತಿರಲಿಲ್ಲ. 2013ರಲ್ಲಿ ಅವನು ಡ್ರಾಫ್ಟ್‌ನ 5ನೇ ಆಟಗಾರ. ಈ ಇಬ್ಬರೂ ಬಂದದ್ದು ವಾಕ್-ಆನ್ ಬಾಗಿಲಿನಿಂದಲೇ. 105ನೇ ಜಾಗಕ್ಕೂ ಲೆಕ್ಕ ಹಾಕುವ ಕೋಚ್, ಪ್ಯಾಡ್ ಹಾಕಲು ಬಾರದ ಹುಡುಗನಿಗೆ ಮೂರು ವರ್ಷ ಕೊಡುತ್ತಾನಾ? ಕನಿಷ್ಠ ಲೈನ್‌ಮನ್‌ಗಳಿಗಾದರೂ ಐದಾರು ಜಾಗವನ್ನು ಈ ಮಿತಿಯ ಹೊರಗಿಡಬೇಕು ಅಂತ ನಾನು ಬಲವಾಗಿ ನಂಬುತ್ತೇನೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.