ಆಪರೇಷನ್ನಿಗೆ ಮುಂಚೆ ಇದೊಂದು ಹೇಳಿಬಿಡಿ

ಕೇಳುಗರಿಗೆ ನಮಸ್ಕಾರ.

ಬೈಪಾಸ್ ಅಂದಕೂಡಲೇ ಮನೆಮಂದಿಯೆಲ್ಲ ಕೇಳುವುದು, "ಹಾರ್ಟ್ ತಡೆಯುತ್ತಾ ಡಾಕ್ಟ್ರೇ?" ಅಂತ. ಮೆದುಳಿನ ಸುದ್ದಿ ಯಾರೂ ಎತ್ತುವುದಿಲ್ಲ. ನಾನು ಅರಿವಳಿಕೆ ಕೊಡುವವಳು. ಎದೆ ತೆರೆದಿರುವಷ್ಟು ಹೊತ್ತೂ ನನ್ನ ಚಿಂತೆಯೆಲ್ಲ ತಲೆಯದ್ದೇ. ಬೈಪಾಸ್ ಆದ 100 ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಲಕ್ವ ಹೊಡೆಯುತ್ತದೆ. ಅದನ್ನು ತಪ್ಪಿಸಲು ನಿಮ್ಮಿಂದ ಬೇಕಾದ್ದು ಒಂದೇ. ಹಿಂದೆ ಎಂದಾದರೂ ಕೈ ಸೋತಿತ್ತೇ, ಮಾತು ತೊದಲಿತ್ತೇ, ಒಂದು ಕಣ್ಣು ಕತ್ತಲಾಗಿತ್ತೇ? ಐದೇ ನಿಮಿಷ ಇರಲಿ, ಹೇಳಿ.

ಅಡಿಕೆ ತೋಟದ ಯಜಮಾನರೊಬ್ಬರು ಬಂದಿದ್ದರು. ಬಿಪಿ, ಶುಗರ್ ಎಲ್ಲ ಹೇಳಿದರು. "ಲಕ್ವ ಗಿಕ್ವ ಆಗಿತ್ತಾ?" ಅಂದರೆ "ಛೆ, ಇಲ್ಲ". ಆಪರೇಷನ್ನಿನ ಹಿಂದಿನ ರಾತ್ರಿ ಅವರ ಬಲಗೈ ಉಂಗುರ ಬಿಚ್ಚಬೇಕಿತ್ತು, ಬರುತ್ತಿರಲಿಲ್ಲ. ಹೆಂಡತಿ ಬೆರಳಿಗೆ ಸೋಪು ಉಜ್ಜುತ್ತಾ, "ಇದೇ ಕೈ ನೋಡಿ, ಯುಗಾದಿ ದಿನ ಕಾಫಿ ಲೋಟ ಬಿಟ್ಟಿದ್ದು" ಅಂದರು. ಯಜಮಾನರು ಗದರಿದರು: "ಎಲೆ ಮಡಿಸಿ ಬಾಯಿಗೆ ಹಾಕುವಷ್ಟರಲ್ಲಿ ಸರಿಹೋಗಿತ್ತಲ್ಲ!"

ನಾನು ಅಲ್ಲೇ ಕೂತೆ. ಬೆಳಗಿನ ಆಪರೇಷನ್ ನಿಲ್ಲಿಸಿದೆವು. ಕತ್ತಿನ ಸ್ಕ್ಯಾನಿನಲ್ಲಿ ಮೆದುಳಿಗೆ ಹೋಗುವ ಎಡಗಡೆಯ ರಕ್ತನಾಳ ದಾರದಷ್ಟು ಸಣ್ಣಗಾಗಿತ್ತು. ಬಲಗೈ ನಡೆಸುವುದು ಮೆದುಳಿನ ಎಡಭಾಗ, ತಿಳೀತಲ್ಲ? ಆಪರೇಷನ್ ವೇಳೆ ಬಿಪಿ ಸ್ವಲ್ಪ ಇಳಿದರೂ ಆ ಭಾಗಕ್ಕೆ ರಕ್ತ ಸಾಲುತ್ತಿರಲಿಲ್ಲ. ಮೊದಲು ಕತ್ತಿನದು ಸರಿಮಾಡಿ, ಆಮೇಲೆ ಬೈಪಾಸ್. ಎಚ್ಚರವಾದಾಗ "ನನ್ನ ಬೆರಳು ಹಿಂಡಿ" ಅಂದೆ. ನೋಯುವ ಹಾಗೆ ಹಿಂಡಿದರು!

ಆ ಸೋಪು ತಂದ ತಾಯಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಮಿಕ್ಕ ಎಚ್ಚರಿಕೆ ನಮ್ಮ ಪಾಲಿನದು. ಹೃದಯದಿಂದ ಹೊರಡುವ ಮಹಾಧಮನಿಯೊಳಗೆ ಸುಣ್ಣ ಕಟ್ಟಿದ್ದರೆ, ಅದನ್ನು ಅದುಮಿ ಹಿಡಿಯುವ ಕ್ಲ್ಯಾಂಪ್ ಹಾಕುವಾಗ ಚೂರು ಎದ್ದು ಮೆದುಳಿಗೆ ಹೋಗಬಹುದು. ಧಮನಿಯ ಮೇಲೇ ಅಲ್ಟ್ರಾಸೌಂಡ್ ಇಟ್ಟು ನೋಡಿ, ಸರ್ಜನ್ ಜಾಗ ಬದಲಿಸುತ್ತಾರೆ. ಮೆದುಳಿನ ಆಮ್ಲಜನಕ ನೋಡಲು ಹಣೆಗೆ ಪಟ್ಟಿ ಅಂಟಿಸುತ್ತೇವೆ. ಹೊತ್ತಾಯಿತು, ವಿವರಿಸುವುದಿಲ್ಲ.

ಇನ್ನೊಂದೇ ಮಾತು. ಎರಡನೆಯ, ಮೂರನೆಯ ದಿನ ಎದೆಬಡಿತ ತಾಳ ತಪ್ಪುವುದುಂಟು; ಆಗ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ಜೊತೆಗಿರುವವರೇ, ಬಾಯಿ ಸೊಟ್ಟಗಾದರೆ, ಕೈ ಏಳದಿದ್ದರೆ ಆ ಕ್ಷಣವೇ ನರ್ಸ್‌ಗೆ ಹೇಳಿ. ರೌಂಡ್ಸಿಗೆ ಡಾಕ್ಟರ್ ಬರಲಿ ಅಂತ ಬೆಳಗಿನವರೆಗೆ ಕಾಯಬೇಡಿ.